ಸರದಿ ಬಾರದ ಮೇಜು

2023ರ ಜೂನ್ 10, ಶನಿವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಜೂನ್ ಅಲ್ಲಿ ಚಳಿಗಾಲ. ಕಿಟ್ವೆ ಪಟ್ಟಣದ ಬುಚಿ ಬಡಾವಣೆಯಲ್ಲಿ ಹೊಲಿಗೆ ಕೆಲಸದ ಬಾನಾ ಚಿಸಾಲಾ ಅಂಗಳದಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಪಕ್ಕದ ಮನೆಯ ಬಾಗಿಲಿಗೆ ಹೊಸ ಫ್ರೀಜರ್ ಬಂದಿಳಿಯಿತು. ಬಾಯಲ್ಲಿದ್ದ ನೊರೆ ಉಗುಳುವುದನ್ನೂ ಅವಳು ಮರೆತಳು.

ಪಕ್ಕದ ಮನೆಯವಳು ಬಾನಾ ನ್ಕೋಲೆ. ಇಬ್ಬರ ಹಿರಿಯ ಮಕ್ಕಳು, ಚಿಸಾಲಾ ಮತ್ತು ನ್ಕೋಲೆ, ಒಂದೇ ವಾರ ಹುಟ್ಟಿದವರು. ಬಾನಾ ಎಂದರೆ ಅಮ್ಮ; ಮಕ್ಕಳ ಹೆಸರೇ ತಾಯಂದಿರ ಹೆಸರೂ ಆಯಿತು, ಅಂದಿನಿಂದಲೇ ಅಳತೆಯೂ ಶುರುವಾಯಿತು. ಯಾರ ಮಗುವಿಗೆ ಮೊದಲು ಹಲ್ಲು ಬಂತು, ಯಾರ ಮನೆಗೆ ಮೊದಲು ಟಿವಿ ಬಂತು.

“ಈ ಚಳೀಲಿ ಫ್ರೀಜರಾ? ಏನಿಡ್ತೀಯೇ ಅದರಲ್ಲಿ, ನಿನ್ನ ಗಂಡನ್ನಾ?” ಎಂದಳು ಬಾನಾ ಚಿಸಾಲಾ.

“ಕೋಳಿ ಇಡ್ತೀನಿ, ಮೀನು ಇಡ್ತೀನಿ, ಮಾರ್ತೀನಿ. ನಮ್ಮವರು ಫೋನಿನಲ್ಲಿ ಪೋಕರ್ ಆಡಿ ಗೆದ್ರು ಕಣೆ. ನಿನಗೂ ಒಂದು ಮೂಲೆ ಬೇಕಿದ್ರೆ ಹೇಳು, ಬಾಡಿಗೆಗೆ ಕೊಡ್ತೀನಿ.”

ಬಾಡಿಗೆಗೆ! ಬಾನಾ ಚಿಸಾಲಾ ದಡದಡ ಒಳಗೆ ಹೋಗಿ ಫೋನ್ ಕೈಗೆತ್ತಿಕೊಂಡಳು.

ಅಂದು ಸಂಜೆಯೇ ಚಿಲಿಂಬಾ ಇತ್ತು. ಬಾನಾ ನ್ಕೋಲೆಯೂ ಸೇರಿ ಐದು ಹೆಂಗಸರು ಪ್ರತಿ ತಿಂಗಳು ಎಂಟುನೂರು ಕ್ವಾಚಾ ಹಾಕುತ್ತಿದ್ದರು. ಸರದಿಯಂತೆ ಒಬ್ಬಳು ಪೂರ್ತಿ ಮೊತ್ತ ಎತ್ತುತ್ತಿದ್ದಳು. ಈ ಸಲ ಬಾನಾ ಚಿಸಾಲಾಳ ಸರದಿ. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಯಂತ್ರ ಕೊಳ್ಳಬೇಕೆಂದು ಅವಳು ಐದು ತಿಂಗಳಿಂದ ಕಾದಿದ್ದಳು.

ಮಧ್ಯಾಹ್ನ ನಾದಿನಿ ನ್ಗೋಸಾ ಬಂದಳು. ಶಾಲೆಯಲ್ಲಿ ಗಣಿತ ಕಲಿಸುವವಳು, ಇಸ್ಪೀಟಿನ ಆಟಗಳನ್ನೂ ಬಲ್ಲವಳು. ಬಾನಾ ಚಿಸಾಲಾ ಫೋನ್ ಮುಂದೆ ಹಿಡಿದಳು.

“ಪೋಕರ್ ಖಾತೆ ತೆರೆದಾಯ್ತು. ಸಂಜೆ ದುಡ್ಡು ಬಂದ ಕೂಡ್ಲೇ ದುಡ್ಡು ಕಟ್ಟಿ ಆಡೋ ಕಾಸಿನ ಮೇಜಿಗೆ ಕೂರ್ತೀನಿ. ಅವಳದ್ದಕ್ಕಿಂತ ದೊಡ್ಡ ಫ್ರೀಜರ್ ತರ್ತೀನಿ.”

“ಆಟ ಬರುತ್ತಾ ಅತ್ತಿಗೆ?”

“ಬರೋದೇನಿದೆ? ನಮ್ಮ ಚಿಲಿಂಬಾನೇ ಅದು. ಎಲ್ಲರೂ ಮಧ್ಯಕ್ಕೆ ಹಾಕ್ತಾರೆ, ಒಬ್ಬರು ಎತ್ಕೋತಾರೆ. ಇವತ್ತು ಅವರು, ನಾಳೆ ನಾನು. ತಾಳ್ಮೆಯಿಂದ ಕೂತ್ರೆ ನನ್ನ ಸರದಿ ಬಂದೇ ಬರುತ್ತೆ.”

ನ್ಗೋಸಾ ನಗಲಿಲ್ಲ. “ಸಂಜೆ ಕಡಲೆಬೀಜ ತರ್ತೀನಿ. ಮೊದಲು ಅದರಲ್ಲಿ ಆಡೋಣ.”

ನಾಲ್ಕು ಗಂಟೆಗೆ ಐವರೂ ಬಾನಾ ಚಿಸಾಲಾಳ ಮನೆಯಲ್ಲಿ ಸೇರಿದರು. ಚಿಲಿಂಬಾ ಹಣ ಬಾನಾ ಚಿಸಾಲಾಳ ಸೊಂಟದ ಗಂಟು ಸೇರಿತು. ಆಮೇಲೆ ನ್ಗೋಸಾ ಐವರಿಗೂ ತನಗೂ ನೂರು ನೂರು ಗ್ರಾಂ ಬೀಜ ತೂಗಿ ಹಂಚಿ, ಪಕ್ಕದಲ್ಲಿ ಒಂದು ಖಾಲಿ ಬಟ್ಟಲು ಇಟ್ಟಳು.

“ಇದು ಆಟ ನಡೆಸೋ ಕಂಪನಿ. ಮಧ್ಯದಲ್ಲಿ ಇಪ್ಪತ್ತು ಬೀಜ ಸೇರಿದ್ರೆ ಒಂದು ಇದಕ್ಕೆ. ಯಾರೇ ಗೆದ್ರೂ ಅಷ್ಟೆ. ಮತ್ತೆ ಬೀಜ ತಿನ್ನೋ ಹಾಗಿಲ್ಲ.”

“ಒಂದೇ ತಾನೆ? ಇಲಿ ತಿಂದ್ಹಾಗೆ,” ಎಂದಳು ಬಾನಾ ಚಿಸಾಲಾ.

ಇಸ್ಪೀಟು ಹಂಚಿ ಆಟ ಶುರುವಾಯಿತು. ನ್ಗೋಸಾ ಹೆಚ್ಚಿನ ಸಲ “ಎಲೆ ಚೆನ್ನಾಗಿಲ್ಲ, ಬಿಟ್ಟೆ” ಎಂದು ಕೈಕಟ್ಟಿ ಕೂರುತ್ತಿದ್ದಳು. ಬಾನಾ ಚಿಸಾಲಾ ಒಮ್ಮೆಯೂ ಬಿಡಲಿಲ್ಲ. ಬಾನಾ ನ್ಕೋಲೆ ಬೀಜ ಮುಂದೆ ತಳ್ಳಿದ್ದನ್ನು ನೋಡಿದರೆ ಸಾಕು, ಅವಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು.

“ಅವಳದ್ದು ಹತ್ತಾ? ನನ್ನದು ಇಪ್ಪತ್ತು!”

“ಎಲೆ ನೋಡಿ ಆಡೇ, ನನ್ನ ಮುಖ ನೋಡ್ಕೊಂಡಲ್ಲ.”

ಎಲ್ಲರೂ ನಕ್ಕರು. ಬಾನಾ ಚಿಸಾಲಾ ಎರಡು ಸಲ ಗೆದ್ದಳು. ಗೆದ್ದದ್ದು ಮುಂದಿನ ಸುತ್ತುಗಳಲ್ಲೇ ಕರಗಿತು. ಕತ್ತಲಾಗುವ ಹೊತ್ತಿಗೆ ಅವಳ ಮುಂದೆ ಹನ್ನೊಂದು ಬೀಜ ಉಳಿದಿದ್ದವು. ನ್ಗೋಸಾಳ ಮುಂದೆ ಗುಡ್ಡೆ.

“ನನ್ನ ಸರದಿ ಯಾವಾಗ?”

“ಇಲ್ಲಿ ಸರದಿ ಅನ್ನೋದೇ ಇಲ್ಲ ಅತ್ತಿಗೆ. ಚಿಲಿಂಬಾದಲ್ಲಿ ಹಾಕಿದಷ್ಟೂ ನಮಗೇ ವಾಪಸು. ಇಲ್ಲಿ, ಇವಳು ಇಷ್ಟೊತ್ತು ಸೋತಿದ್ದಾಳೆ, ಈಗ ಕೊಡೋಣ ಅಂತ ಎಲೆಗೆ ಗೊತ್ತಾಗಲ್ಲ. ಆಟ ಬಲ್ಲವರು ಹೊಸಬರದ್ದನ್ನ ತಗೋತಾರೆ, ಬಟ್ಟಲು ಎಲ್ಲರದ್ದನ್ನೂ ತಗೊಳ್ಳುತ್ತೆ.”

“ಹಾಗಾದ್ರೆ ಇವಳ ಗಂಡ ಗೆದ್ದದ್ದು ಸುಳ್ಳಾ?”

“ಗೆದ್ದದ್ದು ನಿಜ,” ಎಂದಳು ಬಾನಾ ನ್ಕೋಲೆ. ಅವಳ ದನಿ ಈಗ ತಗ್ಗಿತ್ತು. “ಅದಕ್ಕೆ ಮೊದಲು ಎರಡು ವರ್ಷ ಸೋತ್ರು. ಮನೇಲಿ ಎಣ್ಣೆ ಇಲ್ಲದ ದಿನಾನೂ ಕಂಡಿದ್ದೀನಿ. ಈಗ ಮೇಜಿಗೆ ಹೊಸಬರು ಬಂದ್ರಾ ಅಂತ ಕಾಯ್ತಾ ಕೂರ್ತಾರೆ. ನೀನು ಬಂದಿದ್ರೆ ಖುಷಿ ಪಡ್ತಿದ್ರು.”

ಬಾನಾ ಚಿಸಾಲಾ ಸೊಂಟದ ಗಂಟನ್ನು ಬಿಗಿಯಾಗಿ ಹಿಡಿದಳು. ತನ್ನ ಹಣ, ತನ್ನ ಐದು ತಿಂಗಳ ಕಾಯುವಿಕೆ, ಕೋಳಿಯಾಗಿ ಮೀನಾಗಿ ಅವಳ ಫ್ರೀಜರ್ ತುಂಬುವುದು ಕಣ್ಣಿಗೆ ಕಟ್ಟಿತು.

“ನನ್ನ ದುಡ್ಡಲ್ಲಿ ನಿನ್ನ ಕೋಳೀನಾ? ಸತ್ರೂ ಇಲ್ಲ!”

ಅಲ್ಲೇ ನ್ಗೋಸಾಳ ಕೈಗೆ ಫೋನ್ ಕೊಟ್ಟು ಖಾತೆ ಮುಚ್ಚಿಸಿದಳು. ಸೋಮವಾರ ಗಂಡನೊಡನೆ ಹೋಗಿ ಓವರ್‌ಲಾಕ್ ಯಂತ್ರ ತಂದಳು. ಹೊಟ್ಟೆಕಿಚ್ಚು ಆರಿತೆಂದು ಹೇಳಲಾಗದು. ಯಂತ್ರವನ್ನು ಅವಳು ಇರಿಸಿದ್ದು ಬಾನಾ ನ್ಕೋಲೆಯ ಕಿಟಕಿಗೆ ಕಾಣುವ ಜಾಗದಲ್ಲೇ.

ಅಕ್ಕಂದಿರೇ, ಅಣ್ಣಂದಿರೇ, ಪಕ್ಕದ ಮನೆಯವರ ಗೆಲುವು ಬೀದಿಗೆಲ್ಲ ಕಾಣುತ್ತದೆ, ಸೋಲು ಮನೆಯೊಳಗೇ ಉಳಿಯುತ್ತದೆ. ಅವರ ಗೆಲುವು ನೋಡಿ ನಿಮ್ಮ ಉಳಿತಾಯವನ್ನು ಕಾಸಿನ ಮೇಜಿಗೆ ಒಯ್ಯಬೇಡಿ. ಈಗಾಗಲೇ ಕೂತಿದ್ದರೆ ಇವತ್ತೇ ಎದ್ದುಬಿಡಿ, ಮನೆಯವರಿಗೆ ಹೇಳಿ. ಹೋದದ್ದನ್ನು ವಾಪಸು ಗೆಲ್ಲಲು ಮತ್ತೆ ಕೂರಬೇಡಿ. ನಂಬಿಕೆ ಬರದಿದ್ದರೆ ನಿಮ್ಮ ಸಂಘದಲ್ಲೂ ಒಂದು ಸಂಜೆ ಬೀಜ ಇಟ್ಟು ಆಡಿ, ಕೊನೆಗೆ ಬಟ್ಟಲನ್ನು ತೂಗಿ ನೋಡಿ. ಅಂದು ಬುಚಿಯಲ್ಲಿ ಆರು ಜನ ಆರುನೂರು ಗ್ರಾಂ ಬೀಜ ಇಟ್ಟು ಆಡಿದ್ದರು. ಆಟ ಮುಗಿದಾಗ, ಒಂದೂ ಎಲೆ ಮುಟ್ಟದ ಬಟ್ಟಲಿನಲ್ಲಿ ಇದ್ದದ್ದು 94 ಗ್ರಾಂ.