ಗಂಗುಲಪ್ಪ ಮಾತ್ರೆ ಬಿಟ್ಟಿದ್ದು

ನಾನು ಗೌನಿಪಲ್ಲಿಯ ಶಾಮಲಮ್ಮ. ನಮ್ಮ ಯಜಮಾನರು ಗಂಗುಲಪ್ಪನವರಿಗೆ ರಕ್ತದ ಕ್ಯಾನ್ಸರ್. ಗಾಬರಿ ಬೇಡ, ಮನುಷ್ಯ ಮಾವಿನ ಮರ ಹತ್ತುವಷ್ಟು ಗಟ್ಟಿ. ದಿನಾ ಮಾತ್ರೆ ನುಂಗಬೇಕು, ಅಷ್ಟೇ. ನುಂಗುತ್ತಿದ್ದಾರೆಂದೇ ನಾನು ನಂಬಿದ್ದೆ.

ಮೊನ್ನೆ ತೋಟದ ಶೆಡ್ಡಿನಲ್ಲಿ ಸ್ಪ್ರೇ ಪಂಪಿನ ಹಿಂದೆ ಕೈ ಹಾಕಿದರೆ ಮಾತ್ರೆ ಡಬ್ಬಿಗಳು! ಒಂದರ ಸೀಲೂ ಒಡೆದಿಲ್ಲ. ತಂದು ಇವರ ಮುಂದೆ ಹಿಡಿದೆ.

"ಏನ್ರೀ ಇದು? ಮಾತ್ರೆ ತಗೊಳ್ತಾನೇ ಇಲ್ವಾ?"

"ಹೂವಿಗೆ ಜಿಗಿಹುಳ ಬಿದ್ರೆ ಮದ್ದು ಹೊಡೀತೀವಿ. ಹುಳ ಹೋದ್ಮೇಲೂ ಯಾರಾದ್ರೂ ಹೊಡೀತಾರೇನೇ? ರಕ್ತ ಸರಿಹೋಗಿದೆ ಅಂತ ಡಾಕ್ಟ್ರೇ ಹೇಳಿದ್ರಲ್ಲ!"

ಇವರ ಅಕ್ಕನ ಮಗಳು ಚೈತನ್ಯ ಕೋಲಾರದಲ್ಲಿ ಔಷಧಶಾಸ್ತ್ರ ಪಾಠ ಮಾಡುತ್ತಾಳೆ. ಫೋನ್ ಮಾಡಿದೆ. ಮೊದಲ ಬಸ್ಸಿಗೇ ಓಡಿ ಬಂದಳು.

"ಅಯ್ಯೋ ದೇವುಡಾ! ಮಾವ, ತಲೆ ನೆಟ್ಟಗಿದೆಯಾ ನಿಮಗೆ?" ಎಂದವಳೇ ಫೋನಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದಳು. ಸಿಕ್ಕುಬಿದ್ದ ಬಣ್ಣದ ಟೇಪಿನ ಉಂಡೆಯ ಹಾಗಿತ್ತು. ನಡುವೆ ಒಂದು ಸಂದಿ, ಸಂದಿಯಲ್ಲಿ ಚಿಕ್ಕದೊಂದು ಚೂರು.

"ಇದು ನಿಮ್ಮ ಕಾಯಿಲೆ ತರೋ ಪ್ರೋಟೀನು. ಕೈನೇಸ್ ಅಂತಾರೆ. ರಕ್ತದ ಕಣಗಳಿಗೆ 'ಬೆಳೀರಿ, ಬೆಳೀರಿ' ಅಂತ ಬಿಡದೆ ಹೇಳೋದು ಇದೇ. ಇದಕ್ಕೆ ಶಕ್ತಿ ಸಿಗೋದು ಆ ಸಂದೀಲಿ. ಅಲ್ಲಿ ಕೂತಿರೋ ಚೂರೇ ನಿಮ್ಮ ಮಾತ್ರೆ. ಅದು ಕೂತಿರೋವರೆಗೂ ಇದರ ಆಟ ಬಂದ್."

"ಹಾಗಾದ್ರೆ ಇಷ್ಟು ಹೊತ್ತಿಗೆ ಎಲ್ಲಾ ಸತ್ತಿರಬೇಕಲ್ಲಮ್ಮ?"

"ಎಲ್ಲಾ ಸಾಯಲ್ಲ ಮಾವ! ಕೆಟ್ಟ ಕಣ ಒಂದಷ್ಟು ಉಳಿದಿರ್ತವೆ. ಮಾತ್ರೆ ಮೈಯಲ್ಲಿ ನಿಲ್ಲಲ್ಲ, ಕರಗಿ ಹೋಗುತ್ತೆ. ಅದಕ್ಕೇ ದಿನಾ ಕೊಡೋದು. ನೀವು ಬಿಟ್ರೆ ಸಂದಿ ಖಾಲಿ, ಮತ್ತೆ ಕಾಯಿಲೆ ಶುರು!"

ಇವರು ಜಗಲಿ ಮೇಲೆ ಕುಸಿದು ಕೂತರು.

"ನಮ್ಮ ಜೊತೆ ಆಸ್ಪತ್ರೆಗೆ ಬರೋ ಅಶ್ವತ್ಥಪ್ಪನಿಗೂ ಇದೇ ಮಾತ್ರೆ. ಬಿಟ್ಬಿಡೋ ಅಂದ್ಬಿಟ್ಟಿದ್ದೀನಲ್ಲಮ್ಮ..."

ನಾವಿಬ್ಬರೂ ಹೆಂಗಸರು ಬಾಯಿ ಮೇಲೆ ಕೈಯಿಟ್ಟುಕೊಂಡೆವು.

ಅವತ್ತೇ ಆಸ್ಪತ್ರೆಗೆ ಹೋದೆವು. ರಕ್ತ ಪರೀಕ್ಷೆ ಮಾಡಿದರೆ ಕಾಯಿಲೆ ಮತ್ತೆ ತಲೆ ಎತ್ತಿತ್ತು. ಡಾಕ್ಟರು ಚೆನ್ನಾಗಿ ಬೈದರು. ಸದ್ಯ ಕೈಮೀರಿಲ್ಲ ಎಂದು ಮಾತ್ರೆ ಮತ್ತೆ ಶುರು ಮಾಡಿಸಿದರು. ಹೊರಗೆ ಬಂದವರೇ ಇವರು ಫೋನ್ ತೆಗೆದರು.

"ಲೇ ಅಶ್ವತ್ಥಾ, ನಾನು ಹೇಳಿದ್ದು ಶುದ್ಧ ತಪ್ಪು ಕಣೋ. ಈಗ್ಲೇ ಹೊರಡು, ಡಾಕ್ಟ್ರ ಹತ್ರ ಹೋಗು. ನಾನಿಲ್ಲೇ ಕಾಯ್ತಿರ್ತೀನಿ."

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೈ ಹುಷಾರಾಗಿದೆ ಎಂದು ಕ್ಯಾನ್ಸರ್ ಮಾತ್ರೆಯನ್ನು ನೀವಾಗಿ ಬಿಡಬೇಡಿ. ಬಿಡಬಹುದೋ ಬೇಡವೋ, ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರೇ ಹೇಳಲಿ. ಈಗಾಗಲೇ ಬಿಟ್ಟಿದ್ದೀರಾ? ಮುಚ್ಚಿಡಬೇಡಿ, ಇವತ್ತೇ ಹೋಗಿ. ಬೈತಾರೆ, ಬೈಸಿಕೊಳ್ಳಿ. ಬೈಸಿಕೊಳ್ಳೋಕಾದರೂ ಮನುಷ್ಯ ಇರಬೇಕಲ್ಲ!