ಆರು ಅಂಕಿ

"ಕಣ್ಣ ಮಿಟಕಸ್ರಿ ಕಾಕೂ. ಹಂಗಲ್ರಿ, ಸಾವಕಾಶ. ಒಂದ ಸಲ ಅಷ್ಟ."

ನೂತನ ಕಣ್ಣು ಮಿಟುಕಿಸಿದಳು. ಸೇವಾ ಕೇಂದ್ರದ ಹುಡುಗಿ ಸೋನಲ ಅವಳ ಮುಖಕ್ಕೆ ಹಿಡಿದಿದ್ದ ಮೊಬೈಲಿನಲ್ಲಿ ಹಸಿರು ಗೆರೆಯೊಂದು ಸುತ್ತು ಹಾಕಿ, ಮುಕ್ಕಾಲು ದಾರಿಗೆ ಬಂದು ಕೆಂಪಾಯಿತು. ಬೆಳಕು ಸಾಲದಂತೆ. ಬಾಗಿಲಿಗೆ ಬಂದು ನಿಂತರೆ ಬೆಳಕು ಹೆಚ್ಚಾಯಿತಂತೆ. ಇಚಲಕರಂಜಿಯ ಆ ಓಣಿಯಲ್ಲಿ ಹೋಗಿಬರುವವರೆಲ್ಲ ನೋಡುತ್ತಿರಲು, ಐವತ್ತು ದಾಟಿದ ಹೆಂಗಸು ಸೆರಗು ಸರಿಮಾಡಿಕೊಂಡು ಒಂದು ಫೋನಿಗೆ ಕಣ್ಣು ಹೊಡೆಯುತ್ತ ನಿಲ್ಲಬೇಕಾಯಿತು. ನಾಚಿಕೆಗೆ ಅವಳ ಕಿವಿ ಬಿಸಿಯಾಯಿತು.

ಒಳಗೆ ಕುರ್ಚಿಯಲ್ಲಿ ಕೂತಿದ್ದ ತಮ್ಮ ಜಿನಗೊಂಡ ಮತ್ತೊಮ್ಮೆ ಗಡಿಯಾರ ನೋಡಿದ. ಹತ್ತಕ್ಕೆ ಕುರುಂದವಾಡದಿಂದ ಬಂದವನು, ಈಗ ಎರಡಾಗಿತ್ತು. ಅಪ್ಪ ಹೋದ ಮೇಲೆ ಹೊಳೆದಂಡೆಯ ಎರಡೆಕರೆ ಹೊಲಕ್ಕೆ ಅಕ್ಕ ತಮ್ಮ ಇಬ್ಬರ ಹೆಸರೂ ಏರಿತ್ತು. ಅಕ್ಕ ತನ್ನ ಪಾಲಿನ ಹಕ್ಕು ಬಿಟ್ಟುಕೊಟ್ಟರೆ ಅದು ಪೂರ್ತಿ ತಮ್ಮನದು. ಈ ಕಡೆ ಹೆಣ್ಣುಮಕ್ಕಳು ಹಾಗೆ ಬಿಟ್ಟುಕೊಡುವುದೇ ರೂಢಿ. ತಮ್ಮ ಒಂದು ಸೀರೆ ಉಡಿಸುತ್ತಾನೆ, ತವರಿನ ಬಾಗಿಲು ತೆರೆದಿರುತ್ತದೆ, ಅಲ್ಲಿಗೆ ಮುಗಿಯಿತು. ನೂತನಳೂ ಹ್ಞೂಂ ಅಂದಿದ್ದಳು. ಒಲ್ಲೆ ಅನ್ನಬಹುದು ಎಂಬುದು ಅವಳ ತಲೆಗೇ ಬಂದಿರಲಿಲ್ಲ. ಆದರೆ ಬರೀ ಹ್ಞೂಂ ಅಂದರೆ ಸಾಕೇ? ಹ್ಞೂಂ ಅಂದವಳು ಅವಳೇ ಎಂದು ಕಂಪ್ಯೂಟರಿಗೆ ಖಾತ್ರಿಯಾಗಬೇಕು.

ಮೊದಲು ಹೆಬ್ಬೆಟ್ಟು ಆಯಿತು. ಇಪ್ಪತ್ತೆಂಟು ವರ್ಷ ಮಗ್ಗದ ಕಾರಖಾನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಾಂಡಿ ಸುತ್ತಿದ ಕೈ ಅದು. ಓಡುವ ನೂಲು ಬೆರಳಿನ ಗೆರೆಗಳನ್ನೆಲ್ಲ ಎಂದೋ ತಿಂದುಹಾಕಿತ್ತು. ಸೋನಲ ಒದ್ದೆ ಬಟ್ಟೆಯಿಂದ ಒರೆಸಿದಳು, ಕೊಬ್ಬರಿ ಎಣ್ಣೆ ಸವರಿದಳು, ಹತ್ತೂ ಬೆರಳು ಒತ್ತಿಸಿದಳು. ಒಂದನ್ನೂ ಯಂತ್ರ ಒಪ್ಪಲಿಲ್ಲ. ಆಮೇಲೆ ಓಟಿಪಿ. ಅದು ಫೋನಿಗೆ ಬರುವಷ್ಟರಲ್ಲಿ ಅದರ ಅವಧಿಯೇ ತೀರಿರುತ್ತಿತ್ತು. ಮೂರು ಸಲ ಹಾಗಾದ ಮೇಲೆ, ಅರ್ಧ ತಾಸು ತಡೆಯಿರಿ ಎಂದು ಕಂಪ್ಯೂಟರೇ ಮುನಿಸಿಕೊಂಡಿತು. ಅರ್ಧ ತಾಸು ಕಳೆದು ಬಂದರೆ, ಈ ಚಿತ್ರಗಳಲ್ಲಿ ಸೈಕಲ್ ಎಲ್ಲೆಲ್ಲಿವೆ ತೋರಿಸಿ, ನೀವು ಯಂತ್ರವಲ್ಲ ಎಂದು ಸಾಬೀತು ಮಾಡಿ ಎಂದಿತು. ದಿನಕ್ಕೆ ಎಂಟು ತಾಸು ಯಂತ್ರದ ಮುಂದೆ ನಿಂತು ಸವೆದವಳಿಗೆ ಒಂದು ಯಂತ್ರ ಕೇಳುವ ಮಾತೇ ಇದು?

ಏಳನೆಯ ಸಲಕ್ಕೆ ಹಸಿರು ಗೆರೆ ಪೂರ್ತಿ ಸುತ್ತು ಬಂತು. "ಮಾರಿ ಹೊಂದಿತ್ರಿ" ಎಂದು ಸೋನಲ ಓಡಿ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಕೂತವಳು ಹಣೆ ಹಿಡಿದುಕೊಂಡಳು.

"ಈಗ ಹೆಸರು ಹೊಂದವಲ್ದು. ಹೊಲದ ಉತಾರ್‍ಯಾಗ ಮಾಲಕರ ಹೆಸರು ಜಿನಮತಿ ಅಂತ ಐತಿ, ಆಧಾರದಾಗ ನೂತನ. ಜಿನಮತಿ ಯಾರ್ರಿ ಕಾಕೂ?"

"ನಾನ."

"ಮತ್ತ ನೂತನ?"

"ಅದೂ ನಾನ."

ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡ ಉಂಗುರದಿಂದ ಬರೆದ ಹೆಸರು ನೂತನ. ಹುಟ್ಟಿದ ಹೆಸರನ್ನು ತವರಿನಲ್ಲೇ ಬಿಟ್ಟು ಬರಬೇಕು, ಎಲ್ಲರೂ ಬಿಟ್ಟೇ ಬರುತ್ತಾರೆ. ಆ ಹೊತ್ತಿಗೆ ಅವಳನ್ನು ಯಾರು ಕೇಳಿದ್ದರು? ಅಪ್ಪ ತೀರಿಕೊಂಡಾಗ ವಾರಸುದಾರರು ಯಾರೆಂದು ಊರಿನ ಜಮೀನು ದಾಖಲೆ ಬರೆಯುವ ತಲಾಠಿ ಕೇಳಿದ್ದಕ್ಕೆ, ಜಿನಗೊಂಡ ತವರುಮನೆಯಲ್ಲಿ ಕರೆಯುವ ಹೆಸರನ್ನೇ ಹೇಳಿ ಬರೆಸಿ ಬಂದಿದ್ದ.

"ನಾಕ ತಾಸ ಆತಲ್ಲ ತಂಗಿ," ಜಿನಗೊಂಡ ಎದ್ದು ಬಂದು ಮೇಜಿಗೆ ಕೈಯೂರಿದ. "ಒಂದ ಕೆಲಸ ಮಾಡು. ಜಿನಮತಿ ತೀರಿಕೊಂಡಾಳ ಅಂತ ಹಾಕಿಬಿಡು. ಹಂಗ ನೋಡಿದ್ರ ಆ ಹೆಸರಿನಾಕಿ ಈಗ ಎಲ್ಲಿ ಅದಾಳ? ಅಕ್ಕಾನೂ ಏನ ಬ್ಯಾಡ ಅನ್ನೂದಿಲ್ಲ."

"ಅದಕ್ಕ ಮರಣದ ದಾಖಲೆ ಬೇಕಾಗತೈತ್ರಿ ಕಾಕಾ. ಅದಕ್ಕೂ ಓಟಿಪಿ ಬರತೈತಿ."

"ಯಾರ ಫೋನಿಗೆ? ಸತ್ತಾಕಿ ಫೋನಿಗೇನ?"

ಜಿನಗೊಂಡ ನಕ್ಕ. ಸೋನಲಳಿಗೂ ನಗು ಬಂತು. ನೂತನ ಮಾತ್ರ ನಗಲಿಲ್ಲ. ಹೊಳೆ ಏರಿ ಬಂದ ವರ್ಷ ಅದೇ ಹೊಲದಲ್ಲಿ ಸೊಂಟಮಟ ನೀರಿನೊಳಗೆ ನಿಂತು ಶೇಂಗಾ ಕಿತ್ತು ತಂದವಳು ಜಿನಮತಿ. ಈಗ ಮೀಸೆ ತೀಡುತ್ತ ನಿಂತಿರುವ ಇವನನ್ನೇ ಕಂಕುಳಲ್ಲಿ ಎತ್ತಿಕೊಂಡು ಬದುವಿನ ಮೇಲೆ ತಿರುಗಿದವಳೂ ಜಿನಮತಿಯೇ. ಅವಳು ಯಾವಾಗ ಸತ್ತಳು? ಯಾರು ಹೊತ್ತರು, ಯಾರು ಅತ್ತರು? ಬೆಳಗಿನಿಂದ ಯಂತ್ರದ ಮೇಲಿದ್ದ ಸಿಟ್ಟು ಆ ಕ್ಷಣಕ್ಕೆ ಯಂತ್ರವನ್ನು ಬಿಟ್ಟು ತಮ್ಮನ ಕಡೆ ತಿರುಗಿತು. ಯಂತ್ರವಾದರೂ ನೀನು ಯಾರು ಎಂದು ನಾಲ್ಕು ತಾಸು ಕೇಳಿತ್ತು.

"ಜಿನಮತಿ ಬದಕ್ಯಾಳ," ಎಂದಳು.

"ಅಯ್ಯ, ಚೇಷ್ಟಿಗೆ ಅಂದ್ನಿ ಅಕ್ಕಾ."

"ನಾ ಚೇಷ್ಟಿ ಮಾಡಾಕತ್ತಿಲ್ಲ."

ಸೋನಲ ಅಷ್ಟರಲ್ಲಿ ಪರದೆಯ ಕೆಳಗೆಲ್ಲೋ ಒಂದು ಖಾನೆ ಹುಡುಕಿದ್ದಳು. "ಇಲ್ಲಿ ಉರ್ಫ್ ಅಂತ ಐತ್ರಿ. ನೂತನ ಉರ್ಫ್ ಜಿನಮತಿ. ತಗೊಂತ ನೋಡ್ರಿ! ಈಗ ಕಡೀದೊಂದ ಓಟಿಪಿ ಕಾಕೂ. ಅದನ್ನ ಹಾಕಿದ್ರ ನೀವು ಒಪ್ಪಿದಂಗ. ಅರವತ್ತ ಸೆಕೆಂಡ ಐತಿ."

ಕೈಯಲ್ಲಿದ್ದ ಫೋನು ಗುಂಯ್ಗುಟ್ಟಿತು. ಬೆಳಗಿನಿಂದ ಮೊದಲ ಸಲ ಓಟಿಪಿ ಹೊತ್ತಿಗೆ ಸರಿಯಾಗಿ ಬಂದಿತ್ತು. ನೂತನ ಆರು ಅಂಕಿಗಳನ್ನು ನೋಡಿದಳು. ಕೆಳಗಿನ ಸಾಲನ್ನೂ ನಿಧಾನವಾಗಿ ಓದಿದಳು.

"ಹೇಳ್ರಿ ಕಾಕೂ."

"ಯಾರಿಗೂ ಹೇಳಬ್ಯಾಡ್ರಿ ಅಂತ ಬರದೈತಿ ಇದರಾಗ."

"ಅದು ಕಳ್ಳರಿಗೆ ಅಕ್ಕಾ," ಜಿನಗೊಂಡ ಕೈ ಚಾಚಿದ. "ನಾ ನಿನ್ನ ತಮ್ಮ. ಇಲ್ಲೆ ತಾ."

"ಯಾರಿಗೂ ಅಂದ್ರ ಯಾರಿಗೂ."

ಪರದೆಯ ಮೇಲೆ ನಲವತ್ತು, ಮೂವತ್ತೊಂಬತ್ತು ಎಂದು ಇಳಿಯುತ್ತಿತ್ತು. ನೂತನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು. ಅದನ್ನು ಬಿಡಿಸಿಕೊಳ್ಳಲು ಜಿನಗೊಂಡನಿಗೆ ಕೈ ಬರಲಿಲ್ಲ. ಅವನ ಮುಖ ಕೆಂಪೇರಿತು.

"ತವರಿನ ಹಾದಿ ಮುಚ್ಚತೈತಿ, ನೋಡು."

"ಮುಚ್ಚೂದಿದ್ರ ನಿನ್ನ ಅರ್ಧಾ ಮುಚ್ಚು."

ಸೋನಲ ಒಮ್ಮೆ ಅಕ್ಕನನ್ನು, ಒಮ್ಮೆ ತಮ್ಮನನ್ನು, ಒಮ್ಮೆ ಪರದೆಯನ್ನು ನೋಡುತ್ತ ಕೂತಳು. ಹತ್ತು. ಐದು. ಸೊನ್ನೆ.

ಜಿನಗೊಂಡ ಚಪ್ಪಲಿ ಮೆಟ್ಟಿ ಹೊರಗೆ ಹೋದ.

"ಮತ್ತ ಕಳಸಲೇನ್ರಿ?" ಸೋನಲ ಮೆಲ್ಲಗೆ ಕೇಳಿದಳು.

"ಬ್ಯಾಡವಾ. ಆ ಹೊಲದ ಉತಾರೆ ಒಂದ ತೆಗದ ಕೊಡು. ಅದಕ್ಕೂ ಓಟಿಪಿ ಬೇಕೇನ?"

"ಅದಕ್ಕೇನೂ ಬ್ಯಾಡ್ರಿ. ಅದು ಯಾರ ಕೇಳಿದ್ರೂ ಬರತೈತಿ."

ಪ್ರಿಂಟರ್ ಕರಕರ ಎಂದು ಒಂದು ಹಾಳೆ ಹೊರಹಾಕಿತು. ತಮ್ಮನ ಹೆಸರಿನ ಕೆಳಗೆ, ಅಷ್ಟೇ ಗಾತ್ರದ ಅಕ್ಷರಗಳಲ್ಲಿ, ಅವಳ ಹೆಸರಿತ್ತು. ನೂತನ ಅದನ್ನು ಮಡಿಸದೆ ಹಾಗೇ ಹಿಡಿದುಕೊಂಡು ಬಿಸಿಲಿಗೆ ಇಳಿದಳು. ಜಿನಗೊಂಡ ಇನ್ನೂ ಹೋಗಿರಲಿಲ್ಲ. ಮೋಟಾರ್ ಸೈಕಲ್ಲಿಗೆ ಕೀಲಿ ಹಾಕಿ, ಬೇರೆ ಕಡೆ ಮುಖ ಮಾಡಿ ನಿಂತಿದ್ದ.

"ಮೂರಕ್ಕ ನನ್ನ ಪಾಳಿ ಐತಿ," ಎಂದಳು. "ಕಾರಖಾನಿ ಮಟಾ ಬಿಡು."

ಓಣಿಯ ಮಗ್ಗಗಳ ಖಟಖಟ ಒಂದೇ ಸಮನೆ ನಡೆದಿತ್ತು. ಅವಳು ಕದಲದೆ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಜಿನಗೊಂಡ ಬಗ್ಗಿ, ಹಿಂದಿನ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದ.