ಹಿಂದೆ ಕೂತವಳ ಮಾತು

ಆ ಬೀದಿಯವರು ಅವನನ್ನು ನಾಡಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಬೈಕು ನಡುಗುತ್ತದೆ ಎಂದು ಯಾರೇ ಬರಲಿ, ಅವನು ಮೊದಲು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟಿದವನಂತೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಚೈನೋ, ಚಕ್ರದ ಕಡ್ಡಿಯೋ, ಸವೆದ ಬುಷ್ಷೋ, ಬೆರಳಿಟ್ಟು ತೋರಿಸುತ್ತಿದ್ದ. ಗಿರಾಕಿಗಳಿಗೆ ಅವನು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: "ನಡುಕ ಮುಚ್ಚಿಡಬೇಡಿ. ಎಲ್ಲಿಂದ ಹುಟ್ತಿದೆ ಅಂತ ಹುಡುಕಿ. ಮುಚ್ಚಿಟ್ಟಿದ್ದು ಒಳಗೊಳಗೇ ತಿನ್ನುತ್ತೆ."

ಅಂಥವನು ತನ್ನ ಗ್ಯಾರೇಜಿನಲ್ಲೇ ಚೆಲ್ಲಿದ ಎಣ್ಣೆಯ ಮೇಲೆ ಜಾರಿ ಬಿದ್ದು ಬಲಗೈ ಮುರಿದುಕೊಂಡ. ಪ್ಲಾಸ್ಟರ್ ಹಾಕಿದರು. ಬೆಳಿಗ್ಗೆ ಗ್ಯಾರೇಜಿಗೆ ಬಿಡುವ ಕೆಲಸ ಹೆಂಡತಿಯ ತಮ್ಮನ ಪಾಲಿಗೆ ಬಂತು. ಬೇಕರಿಯ ಒಲೆ ಮುಂದೆ ದುಡಿಯುವ ಆಳು ಅವನು. ಮೊದಲ ತಟ್ಟೆ ಬ್ರೆಡ್ ಇಳಿಸಿ, ಮೈಮೇಲಿನ ಹಿಟ್ಟು ಕೂಡ ಕೊಡವದೆ ಬಂದು ಮೇಸ್ತ್ರಿಯ ಬೈಕು ಹತ್ತಿದ.

"ಭಾವ, ಗಟ್ಟಿಯಾಗಿ ಹಿಡ್ಕೊಳ್ಳಿ. ಇನ್ನೊಂದು ಕೈಯೂ ಮುರಿದ್ರೆ ಊಟ ಮಾಡ್ಸೋಕೂ ನಾನೇ ಬರ್ಬೇಕಾಗುತ್ತೆ."

"ನೀನು ಮುಂದೆ ನೋಡ್ಕೊಂಡು ಓಡ್ಸೋ ಮಾರಾಯ. ಇದು ನಿನ್ನ ಬ್ರೆಡ್ಡಿನ ತಟ್ಟೆ ಅಲ್ಲ, ಉಲ್ಟಾ ಹಿಡಿದ್ರೆ ಬೀಳೋದು ನಾನು."

ಬೈಕು ಕೊಂಡಂದಿನಿಂದ ಮೇಸ್ತ್ರಿ ಅದರ ಹಿಂದಿನ ಸೀಟಿನಲ್ಲಿ ಕೂತವನೇ ಅಲ್ಲ. ಪೇಟೆ ದಾಟಿ ರಸ್ತೆ ಹಸನಾಯಿತು, ವೇಗ ಏರಿತು. ಮೊದಲು ಅಂಗಾಲಿನಲ್ಲಿ ಇರುವೆ ಹರಿದಂತಾಯಿತು. ಅದು ಮೀನಖಂಡಕ್ಕೆ ಏರಿತು, ಸೊಂಟಕ್ಕೆ ಬಂತು. ರೈಲ್ವೆ ಗೇಟು ಮುಟ್ಟುವಷ್ಟರಲ್ಲಿ ಪಾದಗಳೆರಡೂ ತನ್ನವಲ್ಲ ಅನ್ನಿಸಿತು.

"ನಿಲ್ಸೋ, ನಿಲ್ಸು! ನಿನ್ನ ಕೈ ನಡುಗ್ತಿಲ್ವಾ?"

"ಇಲ್ವಲ್ಲ ಭಾವ. ಬೆಣ್ಣೆ ಹಾಗೆ ಹೋಗ್ತಿದೆ."

ಬೆಣ್ಣೆ. ಆ ಮಾತು ಹಿಂದೊಮ್ಮೆ ಮೇಸ್ತ್ರಿಯೇ ಆಡಿದ್ದು.

ಎರಡು ವರ್ಷದ ಹಿಂದೆ ಹೆಂಡತಿಯ ದೊಡ್ಡಕ್ಕ ಹಾಸಿಗೆ ಹಿಡಿದಿದ್ದಳು. ಗಂಡ ಮಕ್ಕಳಿಲ್ಲದ ಆಕೆ ಊರಾಚೆಯ ಕೆರೆದಂಡೆಯ ಮನೆಯಲ್ಲಿ ಒಂಟಿ. ಪಕ್ಕದ ಮನೆಯವರು ಬಂದು ಗಂಜಿ ಕುಡಿಸಿ ಹೋಗುತ್ತಿದ್ದರು. ಮೇಸ್ತ್ರಿ ವಾರಕ್ಕೊಮ್ಮೆ ಹೆಂಡತಿಯನ್ನು ಬೈಕಿನಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದ. ಒಂದು ದಿನ ಅವಳು, "ರೀ, ಹಿಂದೆ ತುಂಬ ನಡುಗುತ್ತೆ. ಇಳಿದ್ರೆ ಕಾಲು ನೆಲಕ್ಕೆ ಊರೋಕಾಗಲ್ಲ, ಸೊಂಟ ಎರಡು ದಿನ ಹಿಡ್ಕೊಂಡಿರುತ್ತೆ" ಅಂದಳು. ಅವನು ಒಬ್ಬನೇ ಹತ್ತಿ ಒಂದು ಸುತ್ತು ಹೋಗಿ ಬಂದ. ಬಂದವನು ಅಂದದ್ದು ಇಷ್ಟು: "ಗಾಡಿ ಬೆಣ್ಣೆ ಹಾಗಿದೆ. ರೋಗಿ ಸೇವೆ ಮಾಡೋಕೆ ಬೇಜಾರಾದ್ರೆ ಬೇಜಾರು ಅನ್ನು. ಗಾಡಿ ಮೇಲೆ ಯಾಕೆ ಗೂಬೆ ಕೂರಿಸ್ತೀಯ?"

ಅವಳು ಅಂದಿನಿಂದ ಬೈಕು ಹತ್ತಲಿಲ್ಲ. ಎರಡು ಬಸ್ಸು ಬದಲಿಸಿ ಹೋಗಬೇಕು, ಕತ್ತಲಾಗುವ ಮೊದಲು ಹೊರಡಬೇಕು. ವಾರ ಎನ್ನುವುದು ತಿಂಗಳಾಯಿತು. ಆಮೇಲೊಂದು ಮಧ್ಯಾಹ್ನ ದೊಡ್ಡಕ್ಕ ಪಕ್ಕದ ಮನೆಯವರ ಕೈಯಲ್ಲಿ ನೀರು ಕುಡಿದು ಕಣ್ಣು ಮುಚ್ಚಿದಳು. ತಂಗಿ ಆಗ ಬಸ್ ನಿಲ್ದಾಣದಲ್ಲಿ ಎರಡನೇ ಬಸ್ಸಿಗೆ ಕಾಯುತ್ತಿದ್ದಳು.

"ಭಾವ? ಏನಾಯ್ತು, ಮೌನವ್ರತಾನಾ?"

ಮೇಸ್ತ್ರಿ ಸೀಟಿನಲ್ಲಿ ಸರಿದು ಕೂತ. "ಮತ್ತೆ ಅದೇ ಸ್ಪೀಡಿಗೆ ತಗೊಂಡು ಹೋಗು. ನಾನು ಹೆಗಲು ತಟ್ಟಿದಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡು."

ಹಾಗೇ ಮಾಡಿದರು. ಕ್ಲಚ್ ಹಿಡಿದು ಎಂಜಿನ್ ಸದ್ದು ಇಳಿದ ಕೂಡಲೇ ಪದ್ಯ ಓದುವವರು ಸಾಲಿನ ನಡುವೆ ಉಸಿರು ನಿಲ್ಲಿಸಿದಂತೆ ನಡುಕ ನಿಂತಿತು. ಬೈಕು ಮಾತ್ರ ಓಡುತ್ತಲೇ ಇತ್ತು. ಚಕ್ರದ್ದಾಗಿದ್ದರೆ ನಡುಕ ನಿಲ್ಲುತ್ತಿರಲಿಲ್ಲ. ಹಾಗಾದರೆ ರೋಗ ಎಂಜಿನ್ನಿನದು, ಇಲ್ಲವೆ ಅದನ್ನು ಹಿಡಿದಿಟ್ಟ ಬೋಲ್ಟುಗಳದು.

ಗ್ಯಾರೇಜಿನಲ್ಲಿ ಭಾವಮೈದುನನ ಕೈಗೆ ಟಾರ್ಚು ಕೊಟ್ಟು ಎಂಜಿನ್ನಿನ ಹಿಂಬದಿ ತೋರಿಸಿದ. ಬೋಲ್ಟು ಬಿಗಿಯಾಗಿಯೇ ಇತ್ತು. ಅದರ ಸುತ್ತ ಮಾತ್ರ ಇಟ್ಟಿಗೆಪುಡಿಯಂಥ ಕೆಂಪು ತುಕ್ಕು. ಒರೆಸಿದಾಗ ಬೋಲ್ಟು ಹಿಡಿದ ಪಟ್ಟಿಯಲ್ಲಿ ಕೂದಲೆಳೆಯ ಬಿರುಕು ಕಂಡಿತು.

"ನೋಡು, ಒಬ್ಬನೇ ಕೂತ್ರೆ ಇದು ಅಷ್ಟಾಗಿ ಬಾಯಿ ಬಿಡಲ್ಲ. ಹಿಂದೆ ಇನ್ನೊಬ್ಬರು ಕೂತು ಭಾರ ಬಿದ್ರೆ ಬಿಚ್ಕೊಳ್ಳುತ್ತೆ. ಎಂಜಿನ್ ಅಲ್ಲಾಡುತ್ತೆ, ಹಿಂದಿನವರ ಕಾಲಿಗೆ ಹೊಡಿಯುತ್ತೆ."

"ಅಲ್ಲಾ ಭಾವ, ಊರಿಗೆಲ್ಲ ನಾಡಿ ನೋಡೋರು ನೀವು, ಮನೇಲಿ ಮಾತ್ರ..." ಎಂದು ನಗುತ್ತಾ ಶುರುಮಾಡಿದವನಿಗೆ ತೀರಿಹೋದ ದೊಡ್ಡಕ್ಕನ ನೆನಪಾಯಿತೇನೋ, ಮಾತು ಅರ್ಧಕ್ಕೇ ನುಂಗಿದ. ಬೇರೇನಾದರೂ ಕೇಳಬೇಕಲ್ಲ ಎಂದು ಹ್ಯಾಂಡಲ್ ತುದಿ ಮುಟ್ಟಿ, "ಈ ಕಬ್ಬಿಣದ ಉಂಡೆ ಯಾಕೆ? ಬೇರೆ ಗಾಡೀಲಿ ಇಷ್ಟು ದಪ್ಪ ಇರಲ್ಲ" ಅಂದ.

ಮೇಸ್ತ್ರಿ ಎಡಗೈಯಿಂದ ಆ ಉಂಡೆ ಮುಟ್ಟಿದ. ಹೆಂಡತಿ ಹೇಳುವುದಕ್ಕೂ ಮೊದಲು, ಕೆಲಸ ಮೈತುಂಬ ಇದ್ದ ದಿನಗಳಲ್ಲಿ, ಅವನ ಅಂಗೈಗೂ ಜುಮ್ಮೆನ್ನುವ ನಡುಕ ಬಂದಿತ್ತು. ಆಮೇಲೆ ನೋಡೋಣ ಎಂದುಕೊಂಡು ನಡುಕ ಕೈಗೆ ತಟ್ಟದಿರಲೆಂದು ಹ್ಯಾಂಡಲಿನ ಎರಡೂ ತುದಿಗೆ ಈ ಉಂಡೆಗಳ ಭಾರ ಹಾಕಿದ್ದ, ತನ್ನ ಕಾಲಿಡುವಲ್ಲಿಗೆ ದಪ್ಪ ರಬ್ಬರ್ ತೊಡಿಸಿದ್ದ. ಕೈಗೆ ಸುಖವಾಯಿತು. ಆ 'ಆಮೇಲೆ' ಬರಲೇ ಇಲ್ಲ. ನಡುಕ ಎಲ್ಲಿಗೂ ಹೋಗಿರಲಿಲ್ಲ. ತಾನು ಕೂತ ಜಾಗದಲ್ಲಿ ಮಾತ್ರ ಅದರ ಬಾಯಿ ಕಟ್ಟಿದ್ದ.

"ಬಿಚ್ಚು ಅವನ್ನ. ರಬ್ಬರ್ ಕೂಡ."

"ನಿಮಗೇ ನಡುಗುತ್ತಲ್ಲ ಭಾವ?"

"ನಡುಗ್ಲಿ. ನನಗೂ ಗೊತ್ತಾಗ್ಬೇಕು."

ಸಂಜೆ ಮನೆಗೆ ಹೋದಾಗ ಹೆಂಡತಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, "ಇವತ್ತು ಹಿಂದೆ ಕೂತಿದ್ದೆ. ನಡುಗುತ್ತೆ. ನೀನು ಹೇಳಿದ್ದೇ ನಿಜ. ಅವತ್ತು ನಾನು ಹಾಗನ್ನಬಾರದಿತ್ತು" ಅಂದ.

ಅವಳು ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟಳು. "ನಡುಗುತ್ತೆ ಅಂತ ನನಗೆ ಗೊತ್ತಿತ್ತಲ್ಲ" ಎಂದು ಇನ್ನೊಂದು ಬಟ್ಟೆ ಎತ್ತಿಕೊಂಡಳು. "ಕಾಲು ತೊಳ್ಕೊಂಡು ಬನ್ನಿ."

ಬಿರುಕಿಗೆ ವೆಲ್ಡಿಂಗ್ ಆಯಿತು, ಹೊಸ ಬುಷ್ಷು, ಹೊಸ ಬೋಲ್ಟು ಬಂತು. ಕೈ ಭಾವಮೈದುನನದು, ಬಾಯಿ ಮೇಸ್ತ್ರಿಯದು. "ಒಂದನ್ನೇ ಹಿಡಿದು ಬಿಗಿಬೇಡ. ಮೊದಲು ಎಲ್ಲ ಬೋಲ್ಟೂ ಸಡಿಲ ಬಿಡು. ಎಂಜಿನ್ ತನ್ನ ಜಾಗ ತಾನೇ ಹುಡುಕ್ಕೊಳ್ಲಿ. ಆಮೇಲೆ ಬಿಗಿ ಮಾಡು." ಎಲ್ಲ ಮುಗಿದ ಮೇಲೆ ಅವನನ್ನು ಮುಂದೆ ಕೂರಿಸಿ, ತಾನು ಹಿಂದೆ ಬರಿಗಾಲಲ್ಲಿ ಕೂತು ಅದೇ ರಸ್ತೆಯಲ್ಲಿ ಹೋಗಿ ಬಂದ. ಇರುವೆ ಹರಿಯಲಿಲ್ಲ.

ಪ್ಲಾಸ್ಟರ್ ತೆಗೆದು ಕೈಗೆ ಬಲ ಬಂದ ಮೇಲೆ ಒಂದು ಬೆಳಿಗ್ಗೆ ಬೈಕನ್ನು ಮೆಟ್ಟಿಲ ಬಳಿ ತಂದು ನಿಲ್ಲಿಸಿದ. "ಒಂದ್ಸಲ ಕೂತು ನೋಡ್ತೀಯಾ?" ಎಂದು ಕೇಳುವಾಗ ಅವನ ದನಿ ಗಿರಾಕಿಯ ದನಿಯಂತಿತ್ತು. ಅವಳು ಬೈಕು ನೋಡಿದಳು, ಅವನನ್ನು ನೋಡಿದಳು. ಬಾಗಿಲಿಗೆ ಬೀಗ ಹಾಕಿ ಬಂದು ಕೂತಳು. ಮೊದಲೆಲ್ಲ ಹೆಗಲ ಮೇಲಿರುತ್ತಿದ್ದ ಕೈ ಈಗ ಸೀಟಿನ ಹಿಂದಿನ ಕಂಬಿ ಹಿಡಿದಿತ್ತು.

ಕವಲು ದಾರಿಯಲ್ಲಿ ಅವನು ನಿಧಾನಿಸಿದ. "ಎಲ್ಲಿಗೆ ಹೋಗೋಣ?"

"ಕೆರೆ ಕಡೆಗೆ."

ದಾರಿಯುದ್ದಕ್ಕೂ ಅವನು ಉಂಡೆ ಬಿಚ್ಚಿದ ಹ್ಯಾಂಡಲಿನಲ್ಲಿ ಎಂಜಿನ್ನಿನ ಸಣ್ಣ ಮಿಡಿತವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಓಡಿಸಿದ. ದೊಡ್ಡಕ್ಕನ ಮನೆಯ ಮುಂದೆ ನಿಲ್ಲಿಸಿದಾಗ ಗೇಟಿಗೆ ಬೀಗವಿತ್ತು. ಅಂಗಳದಲ್ಲಿ ಮಂಡಿಯುದ್ದ ಹುಲ್ಲು.

ಅವಳು ಇಳಿದಳು. ಎರಡೂ ಪಾದ ನೆಲಕ್ಕೆ ಊರಿ, ಎಡವದೆ, ಏನನ್ನೂ ಹಿಡಿದುಕೊಳ್ಳದೆ ನಿಂತಳು. ಬಂದ ದಾರಿಯ ಕಡೆ ತಿರುಗಿ ತುಂಬ ಹೊತ್ತು ನೋಡಿದಳು.

"ಇಷ್ಟೇ ದೂರಾನಾ?" ಅಂದಳು.

ಮೇಸ್ತ್ರಿ ಎಂಜಿನ್ ಆಫ್ ಮಾಡಿದ.